ಔಡಲೆಲೆಯ ಮೇಲೆ ಹೆಲ್ಮೆಟ್

ಎಡಗಡೆ ಕಬ್ಬಿನ ಟ್ರೇಲರ್, ಬಲಗಡೆ ಎದುರಿನಿಂದ ಬರುತ್ತಿರುವ ಬಸ್ಸು, ನಡುವೆ ಒಂದು ಸ್ಕೂಟರ್, ಸ್ಕೂಟರಿನ ಮೇಲೆ ಎರಡೂ ಕಣ್ಣು ಮುಚ್ಚಿಕೊಂಡ ನಮ್ಮ ದೊಡ್ಡವ್ವ, ಅವಳ ಬೆನ್ನಿಗೆ ಅಂಟಿಕೊಂಡ ನಾನು.

ಇದು ನನ್ನ ತಲೆಯೊಳಗೆ ದಿನಕ್ಕೆ ಎಷ್ಟು ಸಲ ಓಡುತ್ತದೋ ಗೊತ್ತಿಲ್ಲ. ಹಲ್ಲುಜ್ಜುವಾಗ ಓಡುತ್ತದೆ, ರೊಟ್ಟಿ ತಟ್ಟುವಾಗ ಓಡುತ್ತದೆ. ನರ್ಸರಿಯಲ್ಲಿ ಸಸಿಗಳಿಗೆ ನೀರು ಬಿಡುವಾಗ ಓಡಿತೆಂದರೆ ಪೈಪು ಕೈಯಲ್ಲೇ ಉಳಿದು, ಮಾವಿನ ಸಸಿ ಕೆರೆಯಲ್ಲಿ ನಿಂತ ಎಮ್ಮೆಯಂತೆ ಕಾಣುತ್ತದೆ. ನಾನು ಅರಭಾವಿಯಲ್ಲಿ ತೋಟಗಾರಿಕೆ ಓದಿದವಳು, ಅಲ್ಲೇ ಹತ್ತಿರದ ಒಂದು ನರ್ಸರಿಯಲ್ಲಿ ಕೆಲಸ ಮಾಡುತ್ತೇನೆ. ಸಸಿಗೆ ನೀರು ಹೆಚ್ಚಾದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ತಲೆಗೆ ಹಚ್ಚುವ ಎಣ್ಣೆ ತೆಳುವಾದರೆ ಏನಾಗುತ್ತದೆ ಎಂಬುದು ಮಾತ್ರ ಪಠ್ಯದಲ್ಲಿ ಇರಲಿಲ್ಲ. ಆ ಎಣ್ಣೆ ಕಲಸಿದವಳು ನಾನೇ.

ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ. ಮೂಡಲಗಿಯಲ್ಲಿ ಅವಳದು ಹೊಲಿಗೆ ಕ್ಲಾಸು. ಓಣಿಯವರೆಲ್ಲ ಅವಳನ್ನು ಬಾಯಾರ ಅನ್ನುತ್ತಾರೆ. ನಮ್ಮ ಮನೆ ಹುಕ್ಕೇರಿಯಲ್ಲಿ. ಕಾಲೇಜಿಗೆಂದು ಬಂದು ದೊಡ್ಡವ್ವನ ಮನೆ ಸೇರಿದ ನಾನು ಕಾಲೇಜು ಮುಗಿದರೂ ಅಲ್ಲೇ ಉಳಿದೆ. ಅವಳ ಮಗ, ಅಂದರೆ ನನ್ನ ಅಣ್ಣ, ಹುಕ್ಕೇರಿಯಲ್ಲಿ ಸಾಲಿ ಮಾಸ್ತರ. ನಾವಿಬ್ಬರೂ ಊರು ಅದಲುಬದಲು ಮಾಡಿಕೊಂಡಿದ್ದೇವೆ ಎಂದು ಮನೆಯಲ್ಲಿ ನಗುತ್ತಾರೆ.

ದೊಡ್ಡವ್ವ ಐವತ್ತು ದಾಟಿದ ಮೇಲೆ ಸ್ಕೂಟರ್ ಕಲಿತವಳು. ಊರ ಹೊರಗಿನ ಮೈದಾನದಲ್ಲಿ ಮೂರು ದಿನ ಬಿದ್ದಳು, ನಾಲ್ಕನೇ ದಿನ ಗೋಕಾಕಕ್ಕೆ ಹೋಗಿ ಬಂದಳು. ಅದಕ್ಕೂ ಮುಂಚೆ ಒಂದು ಡಜನ್ ಗುಂಡಿ ಬೇಕಾದರೂ ಬಸ್ಸು ಕಾಯಬೇಕಿತ್ತು, ಇಲ್ಲವೇ ಯಾರದಾದರೂ ಬೈಕಿನ ಹಿಂದೆ ಕೂರಬೇಕಿತ್ತು. ಈಗ ಬೀಗದ ಕೈಗೆ ಒಂದು ಕೆಂಪು ನೂಲಿನ ಉಂಡೆ ಕಟ್ಟಿಕೊಂಡಿದ್ದಾಳೆ. ಅದು ಸೊಂಟದಲ್ಲಿ ಇದ್ದರೆ ಅವಳ ನಡಿಗೆಯೇ ಬೇರೆ.

ಅಣ್ಣನಿಗೆ ಮಾತ್ರ ಆ ಸ್ಕೂಟರ್ ಎಂದರೆ ದಿಗಿಲು. ದಿನಾ ಸಂಜೆ ಫೋನು.

"ಯವ್ವಾ, ಇವತ್ತ ಗಾಡಿ ತಗೊಂಡ ಎಲ್ಲಿ ಹೋಗಿದ್ದಿ?"

"ಅಮೇರಿಕಾಕ್ಕ."

"ಚ್ಯಾಷ್ಟಿ ಬ್ಯಾಡ. ಒಂದ ಸಲ, ಒಂದ ಸಲ ಏನರ ಆತಂದ್ರ ಗಾಡಿ ಮಾರೇ ಬಿಡ್ತೇನಿ ನೋಡ."

"ಆಗ್ಲಿ ತಗೋ, ಆದಾಗ ಮಾರು."

ಹೀಗೆ ಅವರಿಬ್ಬರ ನಡುವೆ ಒಂದು ಕರಾರು ಆಗಿತ್ತು. ಒಂದು ಸಲ. ಅದರ ಮೇಲೆ ಎಲ್ಲ ನಿಂತಿತ್ತು.

ಇನ್ನು ತಲೆಹೊಟ್ಟಿನ ವಿಷಯ. ಚಳಿಗಾಲ ಬಂತೆಂದರೆ ದೊಡ್ಡವ್ವನ ತಲೆ ಒಣಗಿ ಪದರು ಪದರಾಗಿ ಏಳುತ್ತದೆ. ಬಿಳಿ ಕುಪ್ಪಸ ಹೊಲಿಯುವವಳಿಗೆ ಅದು ತೊಂದರೆಯಲ್ಲ. ಆದರೆ ಈ ಸಲ ಎರಡು ಮನೆ ಆಚೆಯ ಖಾಲಾ ತಮ್ಮ ಮೊಮ್ಮಗಳ ನಿಕಾಹಕ್ಕೆಂದು ಆರು ಬುರ್ಖಾ ಹೊಲಿಯಲು ಕೊಟ್ಟಿದ್ದರು. ಕಡುಗಪ್ಪು ಬಟ್ಟೆ. ದೊಡ್ಡವ್ವ ಮಷಿನ್ನಿನ ಮೇಲೆ ಬಗ್ಗಿದರೆ ಸಾಕು, ಮೇಲಿನಿಂದ ಹಿಟ್ಟು ಉದುರಿದಂತೆ.

ಖಾಲಾ ಬಳೆ ವ್ಯಾಪಾರದ ಮನೆಯವರು, ನಾಲಿಗೆಯೂ ಬಳೆಯಂತೆ ಸದ್ದು ಮಾಡುತ್ತದೆ. ಮೊದಲ ಬುರ್ಖಾ ನೋಡಲು ಬಂದವರು ಅದನ್ನು ಬೆಳಕಿಗೆ ಹಿಡಿದು ಹೇಳಿದರು:

"ಬಾಯಾರ, ಚಮಕಿ ಹಚ್ಚಾಕ ನಾ ಹೇಳಿದ್ದೆನೇನ್ರಿ?"

ಕ್ಲಾಸಿನ ಹುಡುಗಿಯರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡರು. ದೊಡ್ಡವ್ವನೂ ನಕ್ಕಳು. "ಖಾಲಾ, ಅದು ಫುಕಟ ಐತ್ರಿ, ರೊಕ್ಕಾ ಹಿಡಿಯೂದಿಲ್ಲ" ಅಂದಳು. ಆದರೆ ಖಾಲಾ ಹೋದ ಮೇಲೆ ಬಟ್ಟೆ ಬ್ರಶ್ ಹಿಡಿದು ಆ ಬುರ್ಖಾವನ್ನು ಎಷ್ಟು ಹೊತ್ತು ತಿಕ್ಕಿದಳೆಂದರೆ ನನಗೆ ನೋಡಲಾಗಲಿಲ್ಲ. ಸಂಜೆ ನನ್ನನ್ನು ಕರೆದು, "ಗಿಡಾ ಮರಾ ಎಲ್ಲಾ ಓದೀಯಲ್ಲ, ನನ್ನ ತಲಿಗೆ ಒಂದ ಔಷಧ ಹೇಳಬಾರದೇನವಾ" ಅಂದಳು.

ನನಗೆ ಅಷ್ಟೇ ಬೇಕಿತ್ತು. ಮರುದಿನದಿಂದ ಅವಳ ತಲೆ ನನ್ನ ಪ್ರಯೋಗದ ಹೊಲವಾಯಿತು.

ಮೊದಲು ಬೇವಿನೆಣ್ಣೆ. ಹೊಟ್ಟು ಹೋಯಿತೋ ಇಲ್ಲವೋ, ಹುಡುಗಿಯರು ಹೋದರು. ಅಂದರೆ ತಮ್ಮ ಮಷಿನ್ನುಗಳನ್ನು ಎಳೆದುಕೊಂಡು ಕೋಣೆಯ ಆ ಕಡೆ ಗೋಡೆಗೆ ಹೋಗಿ ಕುಳಿತರು. ಆಮೇಲೆ ಕೊಬ್ಬರಿ ಎಣ್ಣೆ. ಆ ಚಳಿಗೆ ಅದು ಬಾಟಲಿಯಲ್ಲೇ ಗಡ್ಡೆಯಾಗಿ, ಬಿಸಿಲಿಗೆ ಕಂಪೌಂಡಿನ ಮೇಲಿಟ್ಟರೆ ಬೆಕ್ಕು ಉರುಳಿಸಿತು. ಆಮೇಲೆ ಕುಸುಬಿ ಎಣ್ಣೆ, ಬೆಚ್ಚಗೆ ಮಾಡಿ ಹಚ್ಚಿದೆ. ಅದು ಚೆನ್ನಾಗಿಯೇ ಇಳಿಯಿತು. ಆದರೆ ಬೆಳಗ್ಗೆ ಮೊದಲು ಬಂದ ಹುಡುಗಿ ಮೂಗು ಎಳೆದು, "ಬಾಯಾರ, ಬಜಿ ಮಾಡೀರೇನ್ರಿ?" ಎಂದು ಅಡುಗೆ ಮನೆಯ ಕಡೆ ಆಸೆಯಿಂದ ನೋಡಿದಳು.

"ಸಾಕವಾ ನಿನ್ನ ವಿದ್ಯಾ," ಎಂದು ದೊಡ್ಡವ್ವ ತನ್ನ ಹಳೆಯ ದಾರಿ ಹಿಡಿದಳು. ಅವಳ ಅವ್ವ ಮಾಡುತ್ತಿದ್ದ ಪದ್ಧತಿ: ಅಂಗೈ ತುಂಬ ಔಡಲೆಣ್ಣೆ ನೆತ್ತಿಗೆ ಹಾಕುವುದು, ಮೇಲೆ ಒಂದು ಅಗಲವಾದ ಔಡಲೆಲೆ ಕವುಚುವುದು, ಬಟ್ಟೆಯಿಂದ ಕಟ್ಟುವುದು. ಔಡಲೆಣ್ಣೆ, ಹರಳೆಣ್ಣೆ ಅನ್ನುತ್ತಾರಲ್ಲ ಅದು, ಗೋಂದಿನಂತೆ ದಪ್ಪ. ಹಚ್ಚಿದಲ್ಲಿ ಕೂತರೆ ಏಳುವುದಿಲ್ಲ. ಎಲೆ ತಲೆಗೆ ತಂಪು. ಹಾಗೆ ಕಟ್ಟಿಕೊಂಡು ಅವಳ ಅವ್ವ ಕಳೆ ಕೀಳುತ್ತಿದ್ದಳಂತೆ, ಕಣಕ್ಕೆ ಹೋಗುತ್ತಿದ್ದಳಂತೆ. ಒಂದು ಹನಿ ಹಣೆಗೆ ಇಳಿಯುತ್ತಿರಲಿಲ್ಲವಂತೆ.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ.

"ದೊಡ್ಡವ್ವಾ, ಇದು ಇಷ್ಟ ದಪ್ಪ ಐತಿ, ಬುಡಕ್ಕ ಇಳಿಯೂದ ಇಲ್ಲ. ಸ್ವಲ್ಪ ತೆಳ್ಳಗ ಮಾಡೂಣು."

ಒಂದು ಪಾಲು ಔಡಲೆಣ್ಣೆಗೆ ಎರಡು ಪಾಲು ಕುಸುಬಿ ಎಣ್ಣೆ ಬೆರೆಸಿದೆ. ಬಜಿಯ ವಾಸನೆ ಹೋಗಲೆಂದು ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಹೋದೆ. ಆ ಸಣ್ಣ ಬಾಟಲಿಯ ಮುಚ್ಚಳ ಸಡಿಲವಾಗಿತ್ತು. ನಾಲ್ಕು ಹನಿಯ ಬದಲು ಒಂದು ಚಮಚೆಯಷ್ಟು ಬಿತ್ತು. ಚೆಲ್ಲಲು ಮನಸ್ಸಾಗಲಿಲ್ಲ. ಇನ್ನಷ್ಟು ತಂಪಾಯಿತು ಬಿಡು ಎಂದುಕೊಂಡು ಚಮಚೆಯಿಂದ ಕಲಸಿದೆ. ದೊಡ್ಡವ್ವನಿಗೆ ಹೇಳಲೂ ಇಲ್ಲ.

ಅದು ಶುಕ್ರವಾರ. ಬೆಳಗ್ಗೆ ಹತ್ತೂವರೆಗೆ ಅವಳ ನೆತ್ತಿಗೆ ಧಾರಾಳವಾಗಿ ಎಣ್ಣೆ ಹಾಕಿ, ತಿಕ್ಕಿ, ಎಲೆ ಇಟ್ಟು ಕಟ್ಟಿದೆ. "ಹಾಯ್ ಅನಸ್ತೈತಿ ನೋಡ" ಎಂದು ಅವಳು ಕಣ್ಣು ಮುಚ್ಚಿ ಹತ್ತು ನಿಮಿಷ ಕುಳಿತಳು. ಎದ್ದು ಕೊನೆಯ ಬುರ್ಖಾಕ್ಕೆ ಲೇಸು ಹಚ್ಚಹೋದರೆ ಲೇಸು ಒಂದು ಮೊಳ ಸಾಲದು. ನಿಕಾಹ ಮಂಗಳವಾರ. ಅದೇ ಲೇಸು ಸಿಗುವುದು ಗೋಕಾಕದ ಒಂದೇ ಅಂಗಡಿಯಲ್ಲಿ, ಅವರು ಶುಕ್ರವಾರದ ನಮಾಜಿಗೆಂದು ಹನ್ನೆರಡೂವರೆಗೆ ಬಾಗಿಲು ಎಳೆಯುತ್ತಾರೆ.

"ತಲಿ ತೊಳಕೋ, ಹೋಗೂಣು," ಅಂದೆ.

"ತೊಳದ, ಒಣಗಿಸಿ ಹೋಗೂದ್ರಾಗ ನಮಾಜ ಮುಗದಿರ್ತೈತಿ. ಹೆಲ್ಮೆಟ್ ಒಳಗ ಯಾರ ನೋಡ್ತಾರ? ನಡಿ."

ಹಾಗೆ ಎಣ್ಣೆ, ಅದರ ಮೇಲೆ ಎಲೆ, ಅದರ ಮೇಲೆ ಬಟ್ಟೆ, ಅದರ ಮೇಲೆ ಹೆಲ್ಮೆಟ್ ಇಟ್ಟುಕೊಂಡು ದೊಡ್ಡವ್ವ ಗಾಡಿ ಹತ್ತಿದಳು. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು, "ಒಳಗ ತೋಟಾ, ಹೊರಗ ಪೊಲೀಸ" ಅಂದಳು. ನಾನು ಹಿಂದೆ ಕುಳಿತು ನಗುತ್ತಿದ್ದೆ. ನನಗೆ ಗಾಡಿ ಬರುವುದಿಲ್ಲ. ಪದವಿ ಇದೆ, ಲೈಸೆನ್ಸ್ ಇಲ್ಲ.

ನಾಗನೂರ ದಾಟಿದೆವು. ಬಿಸಿಲು ಏರಿತ್ತು. ಕಬ್ಬಿನ ಕಾಲ, ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ಅದರ ತುಂಬ ಎರಡಾಳೆತ್ತರ ಕಬ್ಬು, ಹಾಡು ಜೋರಾಗಿ ಹಚ್ಚಿಕೊಂಡು ಮದುವೆ ದಿಬ್ಬಣದಂತೆ ನಿಧಾನಕ್ಕೆ ಹೋಗುತ್ತಿರುತ್ತವೆ. ಕಲ್ಲೋಳಿಯ ಈಚೆ ಅಂಥದೊಂದರ ಹಿಂದೆ ಸಿಕ್ಕಿಬಿದ್ದೆವು. ದೊಡ್ಡವ್ವ ಮುಂದೆ ಇಣುಕಿದಳು, ದಾರಿ ಖಾಲಿ ಇತ್ತು. ಹಾರ್ನ್ ಹೊಡೆದು ಬಲಕ್ಕೆ ತೆಗೆದಳು. ಹಿಂದಿನ ಟ್ರೇಲರಿನ ಪಕ್ಕಕ್ಕೆ ಬಂದೆವು. ಅರ್ಧ ದಾಟಿದ್ದೆವು.

"ಏ! ಕಣ್ಣ!"

ಮೊದಲು ನನಗೆ ಅರ್ಥವಾಗಲಿಲ್ಲ. ಅವಳ ತಲೆ ಅತ್ತಿತ್ತ ಅಲ್ಲಾಡುತ್ತಿತ್ತು. "ಕಣ್ಣ ಉರಿಯಾಕತ್ತಾವ, ಏನೂ ಕಾಣವಲ್ದು!" ಹೆಲ್ಮೆಟ್ಟಿನ ಬಿಸಿಗೆ ಬೆವತು, ಬೆವರಿನ ಜೊತೆ ನನ್ನ ತೆಳ್ಳಗಿನ ಎಣ್ಣೆ ಬಟ್ಟೆ ದಾಟಿ, ಹಣೆ ದಾಟಿ, ಎರಡೂ ಕಣ್ಣಿಗೆ ಇಳಿದಿತ್ತು. ಅದರಲ್ಲಿ ಒಂದು ಚಮಚೆ ನೀಲಗಿರಿ ಇತ್ತು.

ಆಗಲೇ ಎದುರಿನ ತಿರುವಿನಲ್ಲಿ ಬಸ್ಸು ಕಾಣಿಸಿತು.

ಮನುಷ್ಯರು ಅಂಥ ಗಳಿಗೆಯಲ್ಲಿ ದೇವರನ್ನು ನೆನೆಯುತ್ತಾರಂತೆ. ನನಗೆ ನೆನಪಾದದ್ದು ಹೊಲಿಗೆ ಕ್ಲಾಸು. ಮೊದಲ ವರ್ಷ ನಾನೂ ಅವಳ ಬಳಿ ಕಲಿಯಲು ಕುಳಿತು, ಮೂರು ಸೂಜಿ ಮುರಿದು ಬಿಟ್ಟಿದ್ದೆ. ಹೊಲಿಗೆ ಓರೆಯಾದಾಗಲೆಲ್ಲ ಅವಳು ಹಿಂದಿನಿಂದ ಕೂಗುತ್ತಿದ್ದಳು: "ಕಾಲ ತಗಿ! ಬಟ್ಟಿ ಜಗ್ಗಬ್ಯಾಡ, ನೆಟ್ಟಗ ಹಿಡಿ!" ಅದೇ ನನ್ನ ಬಾಯಿಂದ ಬಂತು.

"ಕಾಲ ತಗಿ ದೊಡ್ಡವ್ವಾ! ನೆಟ್ಟಗ ಹಿಡಿ!"

ಸ್ಕೂಟರಿಗೆ ತುಳಿಯುವ ಪೆಡಲ್ ಎಲ್ಲಿದೆ? ಆದರೆ ಅವಳಿಗೆ ತಿಳಿಯಿತು. ಎಕ್ಸಲೇಟರಿನ ಕೈ ಸಡಿಲಿಸಿದಳು, ಗಾಡಿ ನೆಟ್ಟಗೇ ನಿಧಾನವಾಯಿತು, ಟ್ರೇಲರ್ ನಮ್ಮನ್ನು ಬಿಟ್ಟು ಮುಂದೆ ಸರಿಯತೊಡಗಿತು. ಬಸ್ಸು ಹಾರ್ನ್ ಒತ್ತಿ ಹಿಡಿದಿತ್ತು. ಅದು ದೊಡ್ಡದಾಗುತ್ತ ಬಂತು. ನಾನು ಕೂಗಿದೆ, "ಎಡಕ! ಎಡಕ ಹೊಡಿ!"

ಅವಳು ಹೊಡೆಯಲಿಲ್ಲ.

"ಎಡಕ!" ಮತ್ತೆ ಕೂಗಿದೆ. ಮತ್ತೂ ಹೊಡೆಯಲಿಲ್ಲ. ಆಮೇಲೆ, ನಾನು ಕೂಗುವುದನ್ನೂ ಬಿಟ್ಟು ಅವಳ ಬೆನ್ನಿಗೆ ಮುಖ ಒತ್ತಿದ ಮೇಲೆ, ಗಾಡಿ ಸರಕ್ಕನೆ ಎಡಕ್ಕೆ ವಾಲಿತು. ಬಸ್ಸಿನ ಗಾಳಿ ಬಲಗಡೆಯಿಂದ ಬಡಿದು ಹೋಯಿತು. ನಾವು ರಸ್ತೆ ಬಿಟ್ಟು, ಮಣ್ಣಿನ ಅಂಚು ಇಳಿದು, ಒಂದು ಹೊಲದ ಬೇಲಿಗೆ ಹೋಗಿ ಆನಿಕೊಂಡು ನಿಂತೆವು. ಬೀಳಲೂ ಇಲ್ಲ.

ಹೊಲದಲ್ಲಿದ್ದ ರೈತರೊಬ್ಬರು ಓಡಿ ಬಂದರು. ಹೆಲ್ಮೆಟ್ ತೆಗೆದರೆ ಒಳಗಿನಿಂದ ಎಲೆ ಜೋತುಬಿತ್ತು. ಅವರು ಹೌಹಾರಿ, "ಏನ್ರಿ ಇದು, ತಲಿ ಮ್ಯಾಲ ಔಡಲ ಬೆಳೀತೀರೇನ್ರಿ?" ಎಂದು ಕೇಳಿದ್ದು ನನಗೆ ಈಗ ನಗು ತರಿಸುತ್ತದೆ, ಆಗ ತರಿಸಲಿಲ್ಲ. ಬೋರಿನ ನೀರು ಬಿಟ್ಟು ಅವಳ ಕಣ್ಣು ತೊಳೆದೆವು. ಕಾಲು ತಾಸು ತೊಳೆದಿರಬೇಕು. ಅವಳ ಮೊದಲ ಮಾತು, "ಅಂಗಡಿ ಮುಚ್ಚಿರ್ತೈತೇನ?"

ಗಾಡಿಯನ್ನು ಅವರ ಪಂಪಿನ ಮನೆಯ ಬಳಿ ನಿಲ್ಲಿಸಿ ಬಸ್ಸು ಹಿಡಿದು ಗೋಕಾಕಕ್ಕೆ ಹೋದೆವು. ಅಂಗಡಿ ಮುಚ್ಚಿಯೇ ಇತ್ತು. ಅಲ್ಲಿಂದ ದವಾಖಾನೆಗೆ ಹೋದೆವು. ಡಾಕ್ಟರು ಕಣ್ಣಿಗೆ ದೀಪ ಹಿಡಿದು ನೋಡಿ, ಕೆಂಪು ಇಳಿಯುತ್ತದೆ, ಏನೂ ಆಗಿಲ್ಲ ಎಂದು ಹನಿ ಬರೆದುಕೊಟ್ಟರು. ತಲೆಯನ್ನೂ ನೋಡಿದರು.

"ಎಣ್ಣಿ ಹಚ್ಚಬ್ಯಾಡ್ರಿ ಅನ್ನೂದಿಲ್ರಿ ಬಾಯಾರ. ಪದರ ಮೆತ್ತಗಾಗಾಕ ಅರ್ಧ ತಾಸ ಹಚ್ಚ್ರಿ, ತೊಳದ ಬಿಡ್ರಿ. ದಿನಗಟ್ಲೆ ಇಟಗೊಂಡ ತಿರಗಿದ್ರ ಹೊಟ್ಟ ಇನ್ನೂ ಜಾಸ್ತಿ ಆಗತೈತಿ. ಈ ಶಾಂಪೂ ವಾರಕ್ಕ ಎರಡ ಸಲ ಹಚ್ಚ್ರಿ." ಆಮೇಲೆ ಮೂಗು ಅರಳಿಸಿ, "ಇಷ್ಟ ನೀಲಗಿರಿ ಎಣ್ಣಿ ಯಾರ ಹಾಕಿದ್ರು?" ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ, "ನಾನ ಹಾಕ್ಕೊಂಡೇನ್ರಿ, ತಿಳೀಲಿಲ್ಲ" ಅಂದಳು. ಅವಳಿಗೆ ಎಲ್ಲ ಗೊತ್ತಾಗಿತ್ತು. ವಾಸನೆಯಿಂದಲೇ.

ನಮಾಜು ಮುಗಿಯುವ ತನಕ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದು, ಲೇಸು ಕೊಂಡು, ಬಸ್ಸಿನಲ್ಲಿ ಕಲ್ಲೋಳಿಗೆ ಬಂದೆವು. ಪಂಪಿನ ಮನೆಯಿಂದ ಮೂಡಲಗಿಯವರೆಗೆ ಅವಳೇ ಗಾಡಿ ಓಡಿಸಿದಳು. ಸೈಕಲ್ಲಿನವರು ನಮ್ಮನ್ನು ದಾಟಿ ಹೋದರು. ಮನೆ ಬಾಗಿಲಲ್ಲಿ ಗಾಡಿ ನಿಲ್ಲಿಸಿ, "ನಿಮ್ಮ ಅಣ್ಣಗ ಹೇಳಬ್ಯಾಡ" ಅಂದಳು. ಅಷ್ಟೇ.

ಹೇಳುವ ಅಗತ್ಯವೇ ಬೀಳಲಿಲ್ಲ. ಅಣ್ಣನ ಹೆಂಡತಿಯ ತವರು ಕಲ್ಲೋಳಿ. ನಾವು ಲೇಸು ತಂದು ಮನೆ ಮುಟ್ಟುವ ಮೊದಲೇ ಸುದ್ದಿ ಹುಕ್ಕೇರಿ ಮುಟ್ಟಿತ್ತು. ಅಣ್ಣ ಆ ದಿನ ಸಂಜೆ ಫೋನು ಮಾಡಲಿಲ್ಲ. ಶನಿವಾರವೂ ಮಾಡಲಿಲ್ಲ. ದೊಡ್ಡವ್ವ ಲೇಸು ಹಚ್ಚುತ್ತ ಹಚ್ಚುತ್ತ ಫೋನಿನ ಕಡೆ ನೋಡುತ್ತಿದ್ದಳು. ಸೊಂಟದಿಂದ ಬೀಗದ ಕೈ ತೆಗೆದು ಮಷಿನ್ನಿನ ಡ್ರಾದಲ್ಲಿಟ್ಟಳು, ಮತ್ತೆ ತೆಗೆದಳು, ಮತ್ತೆ ಇಟ್ಟಳು.

ಭಾನುವಾರ ಬೆಳಗಿನ ಬಸ್ಸಿಗೆ ಅಣ್ಣ ಬಂದ. ಚಪ್ಪಲಿ ಬಿಡುವ ಮೊದಲೇ ಕೈ ಚಾಚಿದ.

"ಯವ್ವಾ, ಕೀ ಕೊಡ."

ನಾನು ಜಗಳ ನಿರೀಕ್ಷಿಸಿದ್ದೆ. ದೊಡ್ಡವ್ವ ಡ್ರಾ ತೆಗೆದು ಕೆಂಪು ಉಂಡೆಯ ಸಮೇತ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟಳು. "ವಯಸ್ಸಾತಪಾ. ಕೈ ಸೋಲತೈತಿ. ನೀ ಅಂದಿದ್ದ ಖರೆ ಆತು," ಅಂದು ಚಹಾ ಇಡಲು ಎದ್ದಳು. ಆ ನಡಿಗೆ ಬಸ್ಸು ಕಾಯುವವಳ ನಡಿಗೆಯಾಗಿತ್ತು.

ಖಾಲಾ ಬುರ್ಖಾ ಒಯ್ಯಲು ಬಂದು ಅಲ್ಲೇ ಕುಳಿತಿದ್ದರು. ಅವರು ಒಮ್ಮೆ ನನ್ನ ಮುಖ ನೋಡಿದರು. ನೋಡಿ, ಲೇಸಿನ ಹೊಲಿಗೆ ನೋಡುವವರಂತೆ ತಲೆ ಬಗ್ಗಿಸಿದರು.

"ಅಣ್ಣಾ, ಆಕೀ ಕೈ ಸೋತಿಲ್ಲ," ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಎಣ್ಣಿ ನಾ ಕಲಸಿದ್ದು. ತೆಳ್ಳಗ ನಾನ ಮಾಡಿದ್ದು. ನೀಲಗಿರಿ ಚಮಚೆಗಟ್ಲೆ ಬಿತ್ತು, ಹೇಳಲಿಲ್ಲ. ಅದು ಕಣ್ಣಿಗಿಳೀತು. ಆಕೀ ಹಾಕ್ಕೊಂತಿದ್ದ ಬರೇ ಔಡಲೆಣ್ಣಿ ಆಗಿದ್ರ ಇಳೀತಿರಲಿಲ್ಲ."

ಅಡುಗೆ ಮನೆಯಲ್ಲಿ ಚಹಾದ ಪಾತ್ರೆಯ ಸದ್ದು ನಿಂತಿತು.

"ಇನ್ನೊಂದ ಐತಿ. ಬಸ್ಸ ಬರೂ ಮುಂದ ನಾ ಎಡಕ ಹೊಡಿ ಅಂತ ಒದರಿದೆ. ಎರಡ ಸಲ. ಟ್ರೇಲರ್ ಇನ್ನೂ ಬಾಜೂಕ ಇತ್ತು. ನನ್ನ ಮಾತ ಕೇಳಿದ್ದಿದ್ರ ಗಾಲಿ ಕೆಳಗ ಹೋಗ್ತಿದ್ದಿವಿ." ಇದನ್ನು ನಾನು ಅಲ್ಲಿಯವರೆಗೆ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ರೊಟ್ಟಿ ತಟ್ಟುವಾಗ, ಹಲ್ಲುಜ್ಜುವಾಗ ಓಡುತ್ತಿದ್ದದ್ದು ಇದೇ. "ಬಹುಶಃ ಆಕೀಗೆ ಕೇಳಿಸಲಿಲ್ಲ. ಅದಕ್ಕ ಉಳಿದಿವಿ."

"ಕೇಳಿಸಿತ್ತ," ಎಂದಳು ದೊಡ್ಡವ್ವ, ಬಾಗಿಲಲ್ಲಿ ನಿಂತು.

ಅಣ್ಣ ತಿರುಗಿ ನೋಡಿದ. "ಕೇಳಿಸಿತ್ತಂದ್ರ ಯಾಕ ಹೊಡೀಲಿಲ್ಲ?"

"ಕಬ್ಬಿನ ಸೋಗಿ ನನ್ನ ಮೊಳಕೈಗೆ ಬಡ್ಯಾಕತ್ತಿತ್ತು. ಅದು ನಿಂತ ಮ್ಯಾಲ ಹೊಡದೆ." ಅವಳು ಎಡಗೈಯ ತೋಳು ಏರಿಸಿದಳು. ಮೊಳಕೈಯಿಂದ ಮೇಲಕ್ಕೆ ಸಣ್ಣ ಸಣ್ಣ ಗೀರುಗಳು, ಕಬ್ಬಿನ ಎಲೆ ಕೊಯ್ದವು, ಹೊಲಿಗೆಯ ಸಾಲಿನಂತೆ ಒಣಗಿದ್ದವು. "ಕಣ್ಣ ಮುಚ್ಚಿದ್ದು ಖರೆ. ಮೈ ಏನ ಮುಚ್ಚಿರಲಿಲ್ಲ."

ನಾನು ಆ ಗೀರುಗಳನ್ನು ಮೊದಲ ಸಲ ನೋಡುತ್ತಿದ್ದೆ. ಎರಡು ದಿನ ಅವಳು ಉದ್ದ ತೋಳಿನ ಕುಪ್ಪಸ ಹಾಕಿಕೊಂಡಿದ್ದು ಚಳಿಗೆಂದು ತಿಳಿದಿದ್ದೆ.

ಖಾಲಾ ಕೈಯಲ್ಲಿದ್ದ ಬುರ್ಖಾ ಮಡಚಿಟ್ಟು ಬಾಯಿ ಬಿಟ್ಟರು. "ಮಾಸ್ತರ, ನಮ್ಮ ಮಂದಿ ಎರಡೂ ಕಣ್ಣ ತೆರಕೊಂಡ ಗಟಾರಕ್ಕ ಬೀಳತಾರ್ರಿ. ಇವರ ಕಡಿಂದ ಕೀ ಕಸಗೊಂಡ ಅಂಥಾವರಿಗೆ ಕೊಡ್ತೀರೇನ?"

ಅಣ್ಣ ನಗಬಾರದೆಂದು ಕೆಳಗೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಸಾಲಿಯಲ್ಲಿ ಹುಡುಗರಿಗೆ ಬೈಯುವ ದನಿಯಲ್ಲೇ, "ಎಲ್ಲಿ ಆ ಎಣ್ಣಿ, ತಾ" ಅಂದ. ತಂದುಕೊಟ್ಟೆ. ಮುಚ್ಚಳ ತೆಗೆದು ಮೂಸಿದ. ಅವನ ಕಣ್ಣಲ್ಲಿ ನೀರು ಬಂತು. "ಅಬಾಬಾ," ಎಂದು ದೂರ ಹಿಡಿದ. ಬೀಗದ ಕೈಯನ್ನು ಮಷಿನ್ನಿನ ಮೇಲಿಟ್ಟು ಬಾಟಲಿಯನ್ನು ತನ್ನ ಚೀಲಕ್ಕೆ ಸೇರಿಸಿದ.

"ಯವ್ವಾ, ತಲಿಗೆ ಎಣ್ಣಿ ಇದ್ದ ದಿನ ಗಾಡಿ ಮುಟ್ಟಬ್ಯಾಡ. ಗಾಡಿ ಮುಟ್ಟಿದ ದಿನ ಇಕೀ ಕಡಿಂದ ಎಣ್ಣಿ ಹಚ್ಚಿಸ್ಕೋಬ್ಯಾಡ."

"ಬಾಟಲಿ ಯಾಕ ಒಯ್ಯಾಕತ್ತಿ?" ಎಂದು ದೊಡ್ಡವ್ವ ಕೇಳಿದಳು.

ಅವನು ತಲೆ ಕೆರೆದುಕೊಂಡ. ಅಂಗಿಯ ಹೆಗಲ ಮೇಲೆ ಒಂದಿಷ್ಟು ಚಮಕಿ ಉದುರಿತು.

"ಹಚ್ಚಿಕೋ ಹಚ್ಚಿಕೋ," ಅಂದಳು ದೊಡ್ಡವ್ವ, ಬೀಗದ ಕೈ ಎತ್ತಿ ಸೊಂಟಕ್ಕೆ ಸಿಗಿಸಿಕೊಳ್ಳುತ್ತ. "ನೀ ಹೆಂಗೂ ಬಸ್ಸಿನ್ಯಾಗ ಹೋಗಾಂವ."

ಶಾಂಪೂ ನಡೆದಿದೆ, ಹೊಟ್ಟು ಮುಕ್ಕಾಲು ಇಳಿದಿದೆ. ನಾನು ಎಣ್ಣೆ ಕಲಸುವುದನ್ನು ಬಿಟ್ಟಿದ್ದೇನೆ. ಭಾನುವಾರ ಅರ್ಧ ತಾಸು ಅವಳ ತಲೆಗೆ ಬರೀ ಔಡಲೆಣ್ಣೆ ಹಚ್ಚುತ್ತೇನೆ, ಗಡಿಯಾರ ನೋಡಿ ತೊಳೆಯುತ್ತೇನೆ. ಆ ಬಸ್ಸು ಇನ್ನೂ ಬರುತ್ತದೆ, ದಿನಕ್ಕೆ ಹತ್ತು ಸಲ. ಆದರೆ ಈಗ ನನ್ನ ಕೂಗಿನ ನಂತರದ ಆ ಖಾಲಿ ಜಾಗದಲ್ಲಿ ಅವಳ ಮೊಳಕೈಗೆ ಸೋಗೆ ಬಡಿಯುವ ಸದ್ದೂ ಕೇಳುತ್ತದೆ. ಮೊನ್ನೆ ಗೋಕಾಕಕ್ಕೆ ಹೋಗುವಾಗ ಮತ್ತೆ ಅಂಥದೇ ಟ್ರ್ಯಾಕ್ಟರ್ ಸಿಕ್ಕಿತು. ದೊಡ್ಡವ್ವ ದಾಟಹೋಗಲಿಲ್ಲ, ಅದರ ಹಾಡು ಕೇಳುತ್ತ ಕಲ್ಲೋಳಿಯ ತನಕ ಹಿಂದೆಯೇ ಹೋದಳು. ನಾನು ಅವಳ ಸೊಂಟ ಹಿಡಿದಿದ್ದೆ.

"ಏನವಾ, ಸುಮ್ನ ಕುಂತಿ," ಎಂದಳು ಹೆಲ್ಮೆಟ್ಟಿನ ಒಳಗಿನಿಂದ. "ಎಡಕೋ, ಬಲಕೋ, ಏನರ ಒದರಬಾರದೇನ?"